ಸಂಬಳ ಯಾರ ಹೊಣೆ?

ಯಾದಗಿರಿ, ಶಹಾಪುರ, ಸುರಪುರ, ಎಲ್ಲಿನ ತಾಲ್ಲೂಕು ಕಚೇರಿಗೇ ಹೋಗಿ, ಪಹಣಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ನಾವು ನಿಲ್ಲುವುದು ಕಂಪ್ಯೂಟರ್ ಕೌಂಟರಿನ ಮುಂದೆ. ಇಂಥ ಕೌಂಟರುಗಳಲ್ಲಿ ಕೆಲಸ ಮಾಡುವ ಅನೇಕರು ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರುಗಳು. ಕೆಲಸ ಹೇಳುವುದು ಕಚೇರಿ, ಸಂಬಳ ಹಾಕುವುದು ಏಜೆನ್ಸಿ. ಸಂಬಳ ತಡವಾದರೆ ಕಚೇರಿ ಏಜೆನ್ಸಿಯನ್ನು ಕೇಳಿ ಎನ್ನುತ್ತದೆ, ಏಜೆನ್ಸಿ ಬಿಲ್ ಪಾಸಾಗಿಲ್ಲ ಎನ್ನುತ್ತದೆ. ಟೆಂಡರ್ ಬದಲಾದರೆ ವರ್ಷಗಟ್ಟಲೆ ದುಡಿದವರೂ ಮತ್ತೆ ಹೊಸಬರು.

ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಹಾಗಿದ್ದ ಮೇಲೆ ದುಡಿದ ದುಡ್ಡಿಗೆ ಇವರೇಕೆ ಅಲೆಯಬೇಕು? ಸಂಬಳ ಜಮೆಯಾದ, ಪಿಎಫ್ ತುಂಬಿದ ದಾಖಲೆ ನೋಡದೆ ಯಾವ ಕಚೇರಿಯೂ ಏಜೆನ್ಸಿಯ ಮುಂದಿನ ಬಿಲ್ಲಿಗೆ ಸಹಿ ಹಾಕಬಾರದು.