ಸವೆದದ್ದು ಯಾವುದು?

ನಮ್ಮ ಮನೆಯಲ್ಲಿ ವಸ್ತುಗಳಿಗೆ ಸಾವೆಂಬುದಿಲ್ಲ. ವರ್ಗಾವಣೆ ಮಾತ್ರ ಉಂಟು. ಪಂಚೆ ಹರಿದರೆ ಮೈ ಒರೆಸುವ ವಸ್ತ್ರವಾಗುತ್ತದೆ. ಅದೂ ಹರಿದರೆ ಒಲೆಯ ಬಳಿಯ ಮಸಿಬಟ್ಟೆ. ಆಮೇಲೆ ಸೈಕಲ್ಲು ಒರೆಸುವ ಚಿಂದಿ. ಈ ಶಾಸ್ತ್ರವನ್ನು ನನಗೆ ಕಲಿಸಿದವರು ನಮ್ಮ ತಂದೆ. ಅವರ ಒಂದು ಜೊತೆ ಚರ್ಮದ ಚಪ್ಪಲಿ ಹನ್ನೆರಡು ವರ್ಷ ಬಾಳಿತು. ಅಟ್ಟೆಯನ್ನು ಮೂರು ಸಲ, ಬಾರನ್ನು ಎರಡು ಸಲ, ಉಂಗುಷ್ಟವನ್ನು ಲೆಕ್ಕವಿಲ್ಲದಷ್ಟು ಸಲ ಬದಲಾಯಿಸಿದ್ದರು. ಕೊಂಡ ದಿನದ ಚಪ್ಪಲಿಯ ಒಂದು ಮೊಳೆಯಾದರೂ ಕೊನೆಗೆ ಅದರಲ್ಲಿ ಉಳಿದಿತ್ತೋ ಇಲ್ಲವೋ ನಾನರಿಯೆ. ಆದರೂ ಅವರ ಪಾಲಿಗೆ ಅದು ಅದೇ ಚಪ್ಪಲಿ.

ಇಂಥ ಮನೆತನದವನು ಐವತ್ತೆಂಟನೆಯ ವಯಸ್ಸಿನಲ್ಲಿ ಓಡುವ ಶೂ ಕೊಂಡರೆ ಏನಾಗಬೇಕೋ ಅದೇ ಆಯಿತು.

ರಕ್ತದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯತೊಡಗಿದೆ. ನಡೆಯುತ್ತ ನಡೆಯುತ್ತ ಒಂದು ದಿನ ನನಗೇ ಅರಿವಿಲ್ಲದೆ ಓಡಿದೆ. ಓಟವೆಂದರೆ ಹೇಳಿಕೊಳ್ಳುವಂಥದೇನಲ್ಲ, ಬಿರುಸಾಗಿ ನಡೆಯುವವರು ನನ್ನನ್ನು ದಾಟಿ ಹೋಗುವುದುಂಟು. ಆದರೆ ಕೆರೆಯ ಮೇಲೆ ಮಂಜು ಇನ್ನೂ ಹರಿಯದಿರುವಾಗ, ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಗಳಂತೆ ಸಾಗುತ್ತಿರುವಾಗ, ನನ್ನ ಉಸಿರಿನ ಸದ್ದನ್ನು ನಾನೇ ಕೇಳುತ್ತ ಓಡುವ ಆ ಮುಕ್ಕಾಲು ಗಂಟೆ ನನ್ನ ಬದುಕಿನಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಸಮಯವಾಗಿತ್ತು. ಮೂವತ್ತೈದು ವರ್ಷ ಲೆಕ್ಕ ಬರೆದೇ ಜೀವಿಸಿದವನಿಗೆ ಇದರ ಬೆಲೆ ಗೊತ್ತು. ಶೂ ಕೊಡಿಸಿದವನು ಮಗ. ಅದರ ಬೆಲೆಯನ್ನು ಅವನು ಹೇಳಲಿಲ್ಲ. ನಾನು ಪೆಟ್ಟಿಗೆಯ ಮೇಲೆ ಓದಿಕೊಂಡೆ. ಇದು ನನ್ನ ಜೀವಮಾನಕ್ಕೆ ಸಾಕು ಎಂದು ಅಂದೇ ತೀರ್ಮಾನಿಸಿದೆ.

ಒಂದೂವರೆ ವರ್ಷ ಕಳೆಯಿತು. ಬಲ ಮೊಣಕಾಲಿನ ಸುತ್ತ ಸಣ್ಣದೊಂದು ನೋವು ಬಂದು ಕುಳಿತಿತು. ಮೊದಲು ಓಡಿ ಬಂದ ಮೇಲೆ ಇರುತ್ತಿತ್ತು, ಆಮೇಲೆ ಓಡುವಾಗಲೂ, ಕಡೆಗೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವಂತಾಯಿತು. ಶೂಗಳನ್ನು ತಿರುಗಿಸಿ ನೋಡಿದೆ. ಹಿಮ್ಮಡಿಯ ಹೊರ ಅಂಚು ಒಂದಿಷ್ಟು ಸವೆದಿತ್ತು. ಉಳಿದಂತೆ ಅಟ್ಟೆಯ ಗೀರುಗಳೆಲ್ಲ ಎದ್ದು ಕಾಣುತ್ತಿದ್ದುವು. ಶೂ ನಿರಪರಾಧಿಯೆಂದಾದ ಮೇಲೆ ಅಪರಾಧಿ ಇನ್ನಾರು? ನಾನೇ. ಸವೆದದ್ದು ನನ್ನ ಮೂಳೆ ಎಂದುಕೊಂಡೆ. ನಮ್ಮ ತಂದೆಯೂ ಅರವತ್ತರ ಹೊತ್ತಿಗೆ ಕೋಲು ಹಿಡಿದಿದ್ದರು.

ಓಟ ಬಿಟ್ಟೆ. ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ. ಐದು ಗಂಟೆಗೆ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ಎದ್ದು, ಪತ್ರಿಕೆ ಬರುವ ತನಕ ಜಗಲಿಯಲ್ಲಿ ಕುಳಿತಿರುತ್ತಿದ್ದೆ. ನನ್ನಾಕೆ ಒಂದು ದಿನ ಕಾಫಿ ತಂದಿಟ್ಟು, "ಹೀಗೆ ಕೂತಿರೋದನ್ನ ನೋಡಕ್ಕಾಗಲ್ಲ ರೀ" ಎಂದಳು. ನಾನು ಉತ್ತರ ಕೊಡಲಿಲ್ಲ.

ಓಡದಿದ್ದರೇನು, ಶೂವನ್ನು ವ್ಯರ್ಥ ಮಾಡಲಾದೀತೇ? ಹೆಬ್ಬೆರಳಿನ ಬಳಿ ಬಟ್ಟೆ ಬಿಟ್ಟಿತ್ತು. ಹೊಲಿಸಿ ಪೇಟೆಗೆ ಹಾಕಿಕೊಂಡು ಹೋಗೋಣವೆಂದು, ರಸ್ತೆಯ ತಿರುವಿನಲ್ಲಿ ಮರದ ಕೆಳಗೆ ಕುಳಿತು ಮೆಟ್ಟು ರಿಪೇರಿ ಮಾಡುವ ಹಿರಿಯರ ಬಳಿಗೆ ಒಯ್ದೆ. ಅವರು ಹೊಲಿಗೆಯ ಜಾಗವನ್ನು ನೋಡಲೇ ಇಲ್ಲ. ಶೂವಿನ ಒಳಕ್ಕೆ ಹೆಬ್ಬೆಟ್ಟು ತೂರಿಸಿ ಒತ್ತಿದರು. ಅದನ್ನು ಪೆಟ್ಟಿಗೆಯ ಮೇಲೆ ಇಟ್ಟು ಹಿಂದಿನಿಂದ ಕಣ್ಣು ಕಿರಿದು ಮಾಡಿ ನೋಡಿದರು. ನಾನೂ ಬಗ್ಗಿ ನೋಡಿದೆ. ಬಲಗಾಲಿನದು ಒಂದು ಬದಿಗೆ ವಾಲಿತ್ತು, ಅಡಿಪಾಯ ಕುಸಿದ ಗೋಡೆಯಂತೆ.

"ಹೊಲಿಗೆ ಹಾಕ್ಬೋದು ಸ್ವಾಮಿ, ಅಟ್ಟೆ ಬೇಕಾದ್ರೂ ಹೊಡೀಬೋದು. ನಡುವೆ ಇರೋ ಮೆತ್ತೆ ಸತ್ತೋಗದೆ. ಅದನ್ನ ನಾನೆಲ್ಲಿಂದ ತರ್ಲಿ? ಎಷ್ಟು ಓಡಿದೀರಿ ಇದ್ರಲ್ಲಿ?"

ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕಾಸೂ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಈ ಪ್ರಸಂಗವನ್ನು ಹೇಳಿದಾಗ ನನ್ನಾಕೆ ಅಡಿಗೆಮನೆಯ ಕ್ಯಾಲೆಂಡರನ್ನು ತೋರಿಸಿದಳು. ಹಾಲಿನ ಲೆಕ್ಕದ ಗೀಟುಗಳ ಪಕ್ಕದಲ್ಲಿ, ನಾನು ಕೆರೆಗೆ ಹೋದ ದಿನಗಳಿಗೆಲ್ಲ ಅವಳು ಒಂದೊಂದು ಚುಕ್ಕೆ ಇಟ್ಟಿದ್ದಳು. ಬೇಗ ಕಾಫಿ ಬೇಕಾದ ದಿನಗಳೆಂಬ ಗುರುತಿಗಂತೆ. ಹಿಂದಿನ ವರ್ಷದ ಕ್ಯಾಲೆಂಡರೂ ಬೀರುವಿನ ಮೇಲೆ ಸಿಕ್ಕಿತು. (ನಮ್ಮ ಮನೆಯಲ್ಲಿ ಅದಕ್ಕೂ ಸಾವಿಲ್ಲ.) ಕುಳಿತು ಎಣಿಸಿದೆವು: 318 ಚುಕ್ಕೆ. ದಿನಕ್ಕೆ ಐದು ಕಿಲೋಮೀಟರಿನಂತೆ 1,590 ಕಿಲೋಮೀಟರ್.

ಓಟದವರಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ ಇಂಥ ಶೂವಿನ ಆಯಸ್ಸು 500ರಿಂದ 800 ಕಿಲೋಮೀಟರ್. ರಬ್ಬರಿನ ಅಟ್ಟೆಗೂ ಪಾದಕ್ಕೂ ನಡುವೆ ಇರುವ ದಪ್ಪ ಮೆತ್ತೆಯೇ ಅದರ ಪ್ರಾಣ. 1970ರ ದಶಕದ ನಡುವಿನಿಂದ ಇದಕ್ಕೆ ಹೆಚ್ಚಾಗಿ ಬಳಕೆಯಾಗುತ್ತ ಬಂದಿರುವುದು ಇ.ವಿ.ಎ. ಎಂಬ, ಪ್ಲಾಸ್ಟಿಕ್ ಜಾತಿಯ ನೊರೆ. ಚೆನ್ನಾಗಿ ಉಬ್ಬಿದ ಇಡ್ಲಿಯನ್ನು ಮುರಿದರೆ ಕಾಣುವಂತೆ ಅದರ ತುಂಬ ಸಣ್ಣ ಸಣ್ಣ ಗುಳ್ಳೆಗಳು. ಇಲ್ಲಿ ಮಾತ್ರ ಗುಳ್ಳೆಗಳ ಬಾಯಿ ಮುಚ್ಚಿ ಗಾಳಿ ಒಳಗೇ ಸೆರೆಯಾಗಿರುತ್ತದೆ. ತುಳಿದಾಗ ಕುಗ್ಗಿ, ಬಿಟ್ಟಾಗ ಮತ್ತೆ ಏಳುವುದು ಅವುಗಳ ಕೆಲಸ. ಓಡುವವನ ಪಾದ ನೆಲಕ್ಕೆ ಬಿದ್ದಾಗ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ನನ್ನ ತೂಕ 72 ಕಿಲೋ; ಎಂದರೆ ಹೆಜ್ಜೆಗೆ ಹೆಚ್ಚುಕಡಿಮೆ ಒಂದೂವರೆ ಕ್ವಿಂಟಲಾದರೂ ಆಯಿತು. ಕಿಲೋಮೀಟರಿಗೆ ಒಂದೊಂದು ಕಾಲಿಗೂ ಐನೂರು ಹೆಜ್ಜೆಯೆಂದರೂ ಆ ಬಡ ಮೆತ್ತೆಯ ಮೇಲೆ ನಾನು ಎಂಟು ಲಕ್ಷ ಸಲ ಕುಟ್ಟಿದ್ದೆ. ಹೀಗೆ ಕುಟ್ಟಿಸಿಕೊಂಡ ಗುಳ್ಳೆಗಳು ಕ್ರಮೇಣ ಏಳುವುದನ್ನೇ ಮರೆಯುತ್ತವೆ. ಗಟ್ಟಿಯಾದ ಅಟ್ಟೆ ಮಾತ್ರ ಕೆಳಗೆ ಹೊಸದರಂತೆ ನಗುತ್ತಿರುತ್ತದೆ. ಅಟ್ಟೆಯನ್ನು ನೋಡಿಯೇ ಮೆಟ್ಟಿನ ಆಯಸ್ಸನ್ನು ಹೇಳುತ್ತಿದ್ದ ತಂದೆಯ ವಿದ್ಯೆ ಚರ್ಮಕ್ಕೆ ಸರಿ, ನೊರೆಗೆ ಸಲ್ಲದು.

ಆ 500-800ರ ಲೆಕ್ಕವನ್ನು ನಾನು ವೇದವಾಕ್ಯವೆಂದು ನಂಬಿಲ್ಲ. ಶೂ ಮಾರುವವರಿಗೂ ಪ್ರಿಯವಾದ ಲೆಕ್ಕ ಅದು! ಹಗುರ ಮೈಯವನ ಕಾಲಲ್ಲಿ ಹೆಚ್ಚು ಬಾಳೀತು, ಭಾರಿಯಾದವನ ಕಾಲಲ್ಲಿ ಕಡಿಮೆ. ಮೆತ್ತೆಯ ಪಕ್ಕದಲ್ಲಿ ಅಡ್ಡ ಸುಕ್ಕುಗಳು ಬಿದ್ದು ಮಾಯದಿರುವುದು, ಶೂ ಒಂದು ಬದಿಗೆ ವಾಲುವುದು, ಎಂದೂ ನೋಯದ ಕಡೆ ನೋವು ಕಾಣುವುದು, ಇವು ಅಂಕಿಗಿಂತ ನಂಬತಕ್ಕ ಸಾಕ್ಷಿಗಳು. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಮೆತ್ತೆಗೆ ಉಸಿರಾಡಲು ಬಿಡುವು ಸಿಗುತ್ತದೆಯಂತೆ. ನಾನು ಅಷ್ಟು ಶ್ರೀಮಂತನಲ್ಲ. ನೆನೆದ ಶೂವನ್ನು ಸುಡುಬಿಸಿಲಿಗೆ ಇಡುತ್ತಿದ್ದೆ. ಬಿಸಿಗೆ ಅಂಟೂ ಮೆತ್ತೆಯೂ ಕೆಡುತ್ತವೆಂದು ತಿಳಿದ ಮೇಲೆ, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸುತ್ತೇನೆ.

ನನ್ನ ಗೆಳೆಯರೊಬ್ಬರಿಗೆ ಇದೆಲ್ಲ ಆಡಂಬರ. "1960ರಲ್ಲಿ ರೋಮಿನಲ್ಲಿ ಅಬೆಬೆ ಬಿಕಿಲ ಬರಿಗಾಲಲ್ಲೇ ಮ್ಯಾರಥಾನ್ ಗೆಲ್ಲಲಿಲ್ಲವೇ?" ಎನ್ನುತ್ತಾರೆ. ನಿಜ, ಗೆದ್ದ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಮತ್ತೆ ಗೆದ್ದ, ಮೂರು ನಿಮಿಷ ಬೇಗ. ಅದೂ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳ ಮೇಲೆ. ಗೆಳೆಯರು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ಹೊಸ ಶೂ ಬಂದಿತು. ಮೊದಲು ನಡೆದೆ, ಹತ್ತು ದಿನ ಬಿಟ್ಟು ಮೆಲ್ಲನೆ ಓಡಿದೆ. ಒಂದು ತಿಂಗಳಲ್ಲಿ ನೋವು, ಹೇಳದೆ ಬಂದಿದ್ದಂತೆ, ಹೇಳದೆ ಹೋಯಿತು. ಎಲ್ಲವೂ ಶೂವಿನ ಮಹಿಮೆಯೆಂದು ಆಣೆಯಿಟ್ಟು ಹೇಳಲಾರೆ. ಜಗಲಿಯಲ್ಲಿ ಕುಳಿತ ವಾರಗಳ ವಿಶ್ರಾಂತಿಗೂ ಅದರಲ್ಲಿ ಪಾಲಿದ್ದೀತು. ಆದರೆ ಆ ವಾರಗಳಲ್ಲಿ ನಾನು ಮುದುಕನಾಗಿಬಿಟ್ಟಿದ್ದೆನೆಂಬುದು, ಅದೂ ವೈದ್ಯರನ್ನೊಂದು ಮಾತು ಕೇಳದೆ, ಶೂವಿನ ತಪ್ಪನ್ನು ಮೈಮೇಲೆ ಹಾಕಿಕೊಂಡು ಆಗಿದ್ದೆನೆಂಬುದು, ಈಗ ನೆನೆದರೂ ನಾಚಿಕೆ.

ಹಳೆಯ ಜೊತೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಹಿತ್ತಿಲಲ್ಲಿ ಬಾಳೆಗೆ ನೀರು ಬಿಡುವಾಗ ಹಾಕಿಕೊಳ್ಳುತ್ತೇನೆ. "ಅದಕ್ಕೂ ವರ್ಗಾವಣೆ ಆಯ್ತಾ?" ಎಂದು ನನ್ನಾಕೆ ನಕ್ಕಳು.

ಕ್ಯಾಲೆಂಡರಿನ ಚುಕ್ಕೆಗಳನ್ನು ಈಗ ತಿಂಗಳ ಕೊನೆಗೆ ಅವಳೇ ಕೂಡಿಸುತ್ತಾಳೆ. ಹಾಲಿನ ಮೊತ್ತದ ಕೆಳಗೆ ಶೂವಿನ ಮೊತ್ತ. ಈ ತಿಂಗಳಿಗೆ 555 ಕಿಲೋಮೀಟರ್ ಆಗಿದೆ. ನಿನ್ನೆ ಮರದ ಕೆಳಗಿನ ಆ ಹಿರಿಯರಂತೆ ಒಳಗೆ ಹೆಬ್ಬೆಟ್ಟು ಒತ್ತಿ ನೋಡಿದೆ. ಇನ್ನೂ ಮೇಲಕ್ಕೆ ಏಳುತ್ತಿದೆ.