ಹಳೆಯ ಮೈಗೆ ಹೊಸ ಬುದ್ಧಿ

ಹಳೆಯ ಸಾಮಾನು ಕೊಳ್ಳುವವರಲ್ಲಿ ಎರಡು ಬಗೆ. ಅಗ್ಗವೆಂದು ಕೊಳ್ಳುವವರು ಒಂದು ಬಗೆ, ಮೋಹದಿಂದ ಕೊಳ್ಳುವವರು ಇನ್ನೊಂದು. ಮೊದಲನೆಯವರಿಗೆ ಲೋಕದಲ್ಲಿ ಮನ್ನಣೆಯುಂಟು. ಎರಡನೆಯವರಿಗೆ ಮನೆಯಲ್ಲಿಯೂ ಇಲ್ಲ. ಹಳೆಯ ಪಿಟೀಲನ್ನು ಹೊತ್ತು ತಂದವನನ್ನು ಜನ ರಸಿಕನೆಂದಾದರೂ ಕರೆದಾರು. ನಾನು ತಂದದ್ದು ಎರಡು ಟನ್ನು ತೂಕದ ಲೇತ್ ಯಂತ್ರ. ಅದೂ ಬುದ್ಧಿ ಸತ್ತುಹೋಗಿದ್ದ ಯಂತ್ರ!

ಲೇತ್ ಎಂದರೇನೆಂದು ಹುಬ್ಬೇರಿಸುವವರು ಚನ್ನಪಟ್ಟಣದ ಬೊಂಬೆಯನ್ನು ನೆನೆದರೆ ಸಾಕು. ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಕುಶಲಿಯು ಉಳಿಯನ್ನು ತಾಗಿಸಿದಂತೆಲ್ಲ ಬೊಂಬೆಯ ತಲೆ, ಕೊರಳು, ಸೊಂಟ ಮೂಡುತ್ತವೆ. ಮರದ ಬದಲು ಉಕ್ಕು, ಉಳಿ ಹಿಡಿದ ಕೈಯ ಬದಲು ಅದನ್ನು ನಡೆಸುವ ಹಿಡಿಚಕ್ರಗಳು ಎಂದುಕೊಂಡರೆ ಅದೇ ಕಾರ್ಖಾನೆಯ ಲೇತ್. ಬೆಂಗಳೂರಿಗೆ ಇದು ಪರಕೀಯ ವಸ್ತುವಲ್ಲ. 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆ ಗಡಿಯಾರಕ್ಕೆ ಕೈಹಾಕಿದ್ದು 1961ರಲ್ಲಿ. ಅದಕ್ಕೆ ಮುಂಚೆಯೇ ಜಾಲಹಳ್ಳಿಯಲ್ಲಿ ಲೇತುಗಳನ್ನು ತಯಾರಿಸುತ್ತಿತ್ತು.

ಈ ಹಿಡಿಚಕ್ರಗಳನ್ನು ಮನುಷ್ಯನ ಕೈಯಿಂದ ಬಿಡಿಸಿದ್ದು ಅಂಕಿಗಳ ಆಜ್ಞೆ. ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬ ಅಮೆರಿಕನ್ನನ ಯೋಚನೆ ಬೆಳೆದು, 1952ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ರಂಧ್ರ ಕೊರೆದ ಪಟ್ಟಿಯನ್ನು ಓದಿ ಲೋಹ ಕತ್ತರಿಸುವ ಯಂತ್ರವಾಗಿ ಪ್ರದರ್ಶಿತವಾಯಿತು. ಮುಂದೆ ಪಟ್ಟಿಯ ಸ್ಥಾನಕ್ಕೆ ಕಂಪ್ಯೂಟರು ಬಂದಿತು. ಅಂಥ ಯಂತ್ರ ನಮ್ಮ ಕಾರ್ಖಾನೆಗೂ ಬಂದ ದಿನ ಮೇಲಧಿಕಾರಿಗಳು ನಗುತ್ತಾ, “ಇನ್ನು ನಿಮ್ಮ ಕೈಗೆ ಬಿಡುವು” ಎಂದಿದ್ದರು. ಮೂವತ್ತಾರು ವರ್ಷ ಹಿಡಿಚಕ್ರ ತಿರುಗಿಸಿ ಅನ್ನ ಉಂಡ ನನಗೆ ಆ ಮಾತು ಹಿತವಾಗಲಿಲ್ಲ. ಆ ಯಂತ್ರದ ಮುಂದೆ ಹಾದುಹೋಗುವಾಗಲೆಲ್ಲ ಸವತಿಯನ್ನು ಕಂಡಂತೆ ಮುಖ ತಿರುಗಿಸುತ್ತಿದ್ದೆ.

ಅದನ್ನೇ ಮನೆಗೆ ಕರೆತರುವಂತೆ ಮಾಡಿದ್ದು ನನ್ನ ಬಲಗೈ. ನಿವೃತ್ತನಾದ ಎರಡು ವರ್ಷಕ್ಕೆ ಅದು ನಡುಗತೊಡಗಿತು. ಪ್ರಾಣಭಯವಿಲ್ಲವೆಂದರು ವೈದ್ಯರು, ವಾಸಿಯಾಗುವ ಭರವಸೆಯನ್ನೂ ಕೊಡಲಿಲ್ಲ. ಮನೆಯ ಹಿಂಬದಿಯ ಕೋಣೆಯಲ್ಲಿ ನನಗೊಂದು ಚಿಕ್ಕ ಕೈಲೇತಿತ್ತು. ಅದರಲ್ಲಿ ತಿರುಪಿನ ಎಳೆ ಕೊರೆಯುವಾಗ ಪ್ರತಿ ಸಲವೂ ತುದಿ ಮುಟ್ಟಿದ ಕ್ಷಣದಲ್ಲಿಯೇ ಟೂಲನ್ನು ಹಿಂದೆಗೆಯಬೇಕು. ಅರೆಕ್ಷಣ ತಡವಾದರೆ ಕೆಲಸವೂ ಹಾಳು, ಟೂಲೂ ಮುರಿದೀತು. ನಡುಗುವ ಕೈಗೆ ಅದು ಒಗ್ಗುವ ವಿದ್ಯೆಯಲ್ಲ. ಲೋಹದ ಸದ್ದು ಕೇಳಿಯೇ ಟೂಲು ಮೊಂಡಾಗಿದೆಯೆಂದು ಹೇಳಬಲ್ಲ ಕಿವಿ ಹಾಗೆಯೇ ಇತ್ತು, ಕಣ್ಣಿತ್ತು, ಅನುಭವವಿತ್ತು. ಅವೆಲ್ಲವನ್ನೂ ಒಂದು ಕೈಗಾಗಿ ಬೀಗ ಹಾಕಿ ಇಡುವುದೇ?

ಪೀಣ್ಯದಲ್ಲಿ ಬಾಗಿಲು ಮುಚ್ಚುತ್ತಿದ್ದ ಸಣ್ಣ ಕಾರ್ಖಾನೆಯೊಂದರ ಮೂಲೆಯಲ್ಲಿ ಆ ಲೇತ್ ಧೂಳು ಹೊದ್ದು ನಿಂತಿತ್ತು. ಅದರ ನಿಯಂತ್ರಣ ಪೆಟ್ಟಿಗೆ ಕೆಟ್ಟಿತ್ತು, ಬಿಡಿಭಾಗ ಸಿಗುತ್ತಿರಲಿಲ್ಲ. “ಯಜಮಾನ್ರೇ, ಗುಜರಿಯವನು ಕೊಡೋದಕ್ಕಿಂತ ಸ್ವಲ್ಪ ಮೇಲೆ ಕೊಟ್ಟು ತಗೊಂಡ್ಹೋಗಿ” ಎಂದರು ಮಾಲೀಕರು. ಇಂಥ ಯಂತ್ರಗಳ ಗುಟ್ಟೇ ಇದು: ಬೀಡು ಕಬ್ಬಿಣದ ಮೈ ಐವತ್ತು ವರ್ಷ ಬಾಳುತ್ತದೆ, ಬುದ್ಧಿ ಇಪ್ಪತ್ತೈದಕ್ಕೇ ಮುದಿಯಾಗುತ್ತದೆ. ವಿದ್ಯುತ್ ಹಲಗೆಗಳ ಕೆಪಾಸಿಟರುಗಳು ಒಣಗುತ್ತವೆ. ನೆನಪನ್ನು ಕಾಯುವ ಪುಟ್ಟ ಬ್ಯಾಟರಿ ಸತ್ತರೆ ಯಂತ್ರ ತನ್ನ ಅಳತೆಗಳನ್ನೆಲ್ಲ ಮರೆಯುತ್ತದೆ.

ಆದುದರಿಂದ ನಾನು ಪೆಟ್ಟಿಗೆಯತ್ತ ನೋಡಲೇ ಇಲ್ಲ. ಡಯಲ್ ಗೇಜು ತೆಗೆದು ಸ್ಪಿಂಡಲಿನ ಓಲಾಟ ಅಳೆದೆ; ಮಿಲಿಮೀಟರಿನ ನೂರನೆಯ ಒಂದು ಪಾಲೂ ಇರಲಿಲ್ಲ. ಅದೆಂದರೆ ತಲೆಗೂದಲ ದಪ್ಪದ ಆರೇಳನೆಯ ಒಂದಂಶ. ಅನಂತರ ಟೂಲಿನ ಪೀಠವನ್ನು ನಡೆಸುವ ಬಾಲ್ ಸ್ಕ್ರೂವಿನ ಸಡಿಲವನ್ನು ಎರಡು ಕಡೆ ನೋಡಿದೆ. ಕೆಲಸವೆಲ್ಲ ಚಕ್ಕಿನ ಬಳಿಯೇ ನಡೆಯುವುದರಿಂದ ಸವೆತವೂ ಅಲ್ಲಿ ಹೆಚ್ಚು. ಸಡಿಲ ಎಲ್ಲೆಡೆಯೂ ಸಮನಾಗಿದ್ದರೆ ಕಂಪ್ಯೂಟರು ಲೆಕ್ಕ ಹಿಡಿದು ಸರಿದೂಗಿಸಬಲ್ಲದು. ಒಂದೆಡೆ ಮಾತ್ರ ಸವೆದಿದ್ದರೆ ತಿದ್ದುವುದು ಕಷ್ಟ. ಇಲ್ಲಿ ವ್ಯತ್ಯಾಸ ಅತ್ಯಲ್ಪವಾಗಿತ್ತು.

ಮನೆಯ ಪರೀಕ್ಷೆ ಇನ್ನೂ ಉಳಿದಿತ್ತು. “ಅಲ್ರೀ, ಅದು ಕಾಶಿಗೆ ಹೋಗೋಣ ಅಂತ ಇಟ್ಟಿದ್ದ ದುಡ್ಡಲ್ವೆ?” ಎಂದಳು ನನ್ನಾಕೆ. ನಾನು ಉತ್ತರಿಸದೆ ಕಾಫಿಯ ಲೋಟ ಎತ್ತಿಕೊಂಡೆ. ಅದು ಬಟ್ಟಲಿಗೆ ತಾಗಿ ಟಿಣ್ ಟಿಣ್ ಎಂದಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಶಿ ಎಲ್ಲೂ ಓಡಿಹೋಗೋಲ್ಲ. ತನ್ನಿ” ಎಂದಳು.

ಕಾಂಕ್ರೀಟು ನೆಲ ಹಾಕಿಸಿ, ಮೂರು ಫೇಸಿನ ವಿದ್ಯುತ್ತು ಪಡೆದು, ಕ್ರೇನಿನಿಂದ ಯಂತ್ರವನ್ನು ಇಳಿಸಿದ್ದಾಯಿತು. ಬುದ್ಧಿ ಕೊಡುವ ಕೆಲಸಕ್ಕೆ ಎದುರು ಮನೆಯ ಡಿಪ್ಲೊಮಾ ಓದುವ ಹುಡುಗ ಜೊತೆಯಾದ. ಹಳೆಯ ಮೋಟಾರುಗಳನ್ನು ಉಳಿಸಿಕೊಂಡು, ಅವನ್ನು ನಡೆಸುವ ಡ್ರೈವುಗಳನ್ನು ಹೊಸದಾಗಿ ತಂದೆವು. ಸಾಧಾರಣ ಕಂಪ್ಯೂಟರೊಂದರಲ್ಲಿ ಲಿನಕ್ಸ್ ಸಿಎನ್‌ಸಿ ಎಂಬ ತಂತ್ರಾಂಶ ಹಾಕಿದ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಹುಟ್ಟಿ, ಈಗ ಸ್ವಯಂಸೇವಕರ ಆರೈಕೆಯಲ್ಲಿರುವ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಸ್ಪಿಂಡಲು ಎಷ್ಟು ತಿರುಗಿತೆಂದು ಕ್ಷಣಕ್ಷಣಕ್ಕೂ ವರದಿ ಮಾಡುವ ಎನ್‌ಕೋಡರನ್ನು ಜೋಡಿಸಿದೆವು. ತಿರುಪು ಕೊರೆಯಲು ಟೂಲು ಪ್ರತಿ ಸಲವೂ ಅದೇ ಬಿಂದುವಿನಲ್ಲಿ ಎಳೆಯನ್ನು ಹಿಡಿಯಬೇಕು. ಎನ್‌ಕೋಡರಿಲ್ಲದೆ ಅದು ಸಾಧ್ಯವಿಲ್ಲ. ಕೆಂಪು ನಿಲುಗಡೆ ಗುಂಡಿಯನ್ನು ಮಾತ್ರ ಕಂಪ್ಯೂಟರಿನ ದಯೆಗೆ ಬಿಡದೆ, ಮೋಟಾರುಗಳ ವಿದ್ಯುತ್ತನ್ನೇ ಕಡಿಯುವಂತೆ ಕಟ್ಟಿಸಿದೆ. ಬುದ್ಧಿವಂತರೂ ಒಮ್ಮೊಮ್ಮೆ ದಿಗ್ಭ್ರಮೆಗೊಳ್ಳುವುದುಂಟಷ್ಟೆ.

ಐದು ತಿಂಗಳ ಬಳಿಕ ಉಕ್ಕಿಗೆ ಮೊದಲ ಬಾರಿ ಟೂಲು ತಾಗಿತು. ಯಂತ್ರ ಕಿರ್ರೆಂದು ಕಿರುಚಿತು. ಹುಡುಗ ಬೆರಗಾಗಿ, “ತಾತಾ, ಪರದೆ ಮೇಲೆ ಎಲ್ಲಾ ಸರಿಯಾಗೇ ಇದೆಯಲ್ಲ?” ಎಂದ.

“ಪರದೆಗೆ ಕಿವಿ ಇಲ್ಲಪ್ಪ. ಟೂಲು ಬಹಳ ಹೊರಕ್ಕೆ ಚಾಚಿಕೊಂಡಿದೆ. ಒಳಕ್ಕೆ ತಳ್ಳಿ ಬಿಗಿ ಮಾಡು, ವೇಗಾನೂ ಸ್ವಲ್ಪ ಇಳಿಸು” ಎಂದೆ.

ಹಾಗೆ ಮಾಡಿದೊಡನೆ ಕಿರುಚಾಟ ಅಡಗಿತು. ಆ ಯಂತ್ರ ಎತ್ತ ಚಲಿಸಬೇಕೆಂಬುದನ್ನು ಬಲ್ಲದು. ಲೋಹವೇನು ಹೇಳುತ್ತಿದೆಯೆಂಬುದನ್ನು ಅರಿಯದು. ಕೈಗೆ ಬಿಡುವೆಂದ ಮೇಲಧಿಕಾರಿಗಳ ಮಾತು ನಿಜವೇ. ಆದರೆ ಕೈಯೊಂದೇ ಕೆಲಸಗಾರನಲ್ಲವೆಂದು ಅಂದು ನನಗೆ ಹೊಳೆದಿರಲಿಲ್ಲ, ಅವರೂ ಹೇಳಿರಲಿಲ್ಲ.

ಮೊದಲು ಮಾಡಿದ ಉಪಯುಕ್ತ ವಸ್ತು ನಮ್ಮ ರುಬ್ಬುವ ಯಂತ್ರದ ಗುಂಡುಕಲ್ಲನ್ನು ಹಿಡಿದಿಡುವ ತಿರುಪಿನ ಕಡ್ಡಿ. ಆ ಮಾದರಿಯ ಕಡ್ಡಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಡುಗುವ ಬೆರಳಿಂದಲೇ ಗುಂಡಿ ಒತ್ತಿದೆ. ಆ ನಡುಕವನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಳೆಗಳು ಒಂದರ ಮಗ್ಗುಲಲ್ಲೊಂದು ಹೊಳೆಯುತ್ತಾ ಮೂಡಿದವು. ನನ್ನಾಕೆ ಮಾತಿಲ್ಲದೆ ಕಡ್ಡಿಯನ್ನು ಒಯ್ದು ಮರುದಿನ ದೋಸೆ ಬಡಿಸಿದಳು. ಅವಳ ಪ್ರಶಸ್ತಿಪತ್ರಗಳೆಲ್ಲ ಅದೇ ರೂಪದವು.

ಈಗ ನಮ್ಮ ಬೀದಿಯವರು ಮುರಿದ ತಿರುಪು, ಸವೆದ ಬುಷ್ ಹಿಡಿದು ಬರುತ್ತಾರೆ. ಹುಡುಗ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ನಾನು ಕಿವಿಗೊಟ್ಟು ನಿಲ್ಲುತ್ತೇನೆ. ಬಂದ ಹಣದಲ್ಲಿ ಅವನ ಪಾಲು ಕಳೆದು ಉಳಿದದ್ದನ್ನು ನನ್ನಾಕೆ ತವರದ ಡಬ್ಬಿಯೊಂದರಲ್ಲಿ ಹಾಕಿಡುತ್ತಾಳೆ. ಡಬ್ಬಿಯ ಮೇಲೆ ‘ಕಾಶಿ’ ಎಂದು ಬರೆದಿದೆ.