ಐದು ಪುಟಗಳ ಅರ್ಜಿ

ನಮ್ಮಲ್ಲಿ ಅರ್ಜಿ ಬರೆಯದವರು ಯಾರಿದ್ದಾರೆ? ಹಾಸ್ಟೆಲಿಗೆ ಅರ್ಜಿ, ಫೀಸು ವಿನಾಯಿತಿಗೆ ಅರ್ಜಿ, ರಜೆಗೆ ಅರ್ಜಿ. 'ಮಾನ್ಯರೇ' ಎಂದು ಮೊದಲು ಮಾಡಿ 'ತಮ್ಮ ವಿಶ್ವಾಸಿ' ಎಂದು ಮುಗಿಸಿದರಾಯಿತು, ನಡುವಿನದು ತಾನಾಗಿಯೇ ತುಂಬಿಕೊಳ್ಳುತ್ತದೆ. 2023ರಲ್ಲಿ ಜರ್ಮನಿಗೆ ಒಂದು ಅರ್ಜಿ ಬರೆಯಲು ಕುಳಿತುಕೊಳ್ಳುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಅದು ಹಂಬೋಲ್ಟ್ ಪ್ರತಿಷ್ಠಾನದ ಸಂಶೋಧನಾ ಫೆಲೋಷಿಪ್ಪಿನ ಅರ್ಜಿ. ಪ್ರಕೃತಿವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1859ರಲ್ಲಿ ತೀರಿಕೊಂಡ ಮರುವರ್ಷ ಅವನ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ ಅದು. ಈಗಿನ ರೂಪಕ್ಕೆ ಬಂದುದು 1953ರಲ್ಲಿ. ಪಿಎಚ್.ಡಿ. ಪಡೆದು ನಾಲ್ಕು ವರ್ಷ ಮೀರದ ಪರದೇಶದ ವಿದ್ವಾಂಸರನ್ನು ಆರು ತಿಂಗಳಿಂದ ಎರಡು ವರ್ಷದವರೆಗೆ ತಿಂಗಳ ವೇತನ ಕೊಟ್ಟು ಜರ್ಮನಿಯಲ್ಲಿ ಇರಿಸಿಕೊಳ್ಳುವುದು ಆಗಿನ ನಿಯಮ. ಇಂಥ ದೇಶಕ್ಕೆ ಇಷ್ಟು, ಇಂಥ ಶಾಸ್ತ್ರಕ್ಕೆ ಇಷ್ಟು ಎಂಬ ಹಂಚಿಕೆಯಿಲ್ಲ. ರಸಾಯನಶಾಸ್ತ್ರದವನೂ ಚರಿತ್ರೆಯವನೂ ಒಂದೇ ಬಾಗಿಲಿನಲ್ಲಿ ನಿಲ್ಲಬೇಕು. ನನ್ನ ಪಿಎಚ್.ಡಿ. 2019ರದು. ನಾಲ್ಕು ವರ್ಷ ತುಂಬಲು ಎಂಟು ತಿಂಗಳು ಮಾತ್ರ ಉಳಿದಿದ್ದವು.

ಬೇಕಾದ ಕಾಗದಗಳೇನೋ ಕೆಲವೇ: ಪ್ರಕಟವಾದ ಲೇಖನಗಳ ಪಟ್ಟಿ, ನಮ್ಮ ಕೆಲಸ ಬಲ್ಲವರ ಅಭಿಪ್ರಾಯಪತ್ರ, ಐದು ಪುಟ ಮೀರದ ಒಂದು ಸಂಶೋಧನಾ ಯೋಜನೆ. ಎಲ್ಲಕ್ಕೂ ಮೊದಲು, 'ಈತ ಬರಲಿ, ಈತನ ಕೆಲಸಕ್ಕೆ ನಾನು ಅನುಕೂಲ ಮಾಡಿಕೊಡುತ್ತೇನೆ' ಎಂದು ಬರೆದುಕೊಡುವ ಒಬ್ಬ ಪ್ರಾಧ್ಯಾಪಕರು ಅಲ್ಲಿ ಸಿಕ್ಕಬೇಕು. ಮುಖ ನೋಡದವರನ್ನು ಮನೆಗೆ ಕರೆಯಿರೆಂದು ಕೇಳುವುದು ನಮಗೆ ಸಂಕೋಚದ ವಿಷಯವಷ್ಟೆ. ಆ ಸಂಕೋಚವನ್ನು ನುಂಗಿಕೊಂಡು ದಕ್ಷಿಣ ಜರ್ಮನಿಯ ಒಬ್ಬ ಪ್ರಾಧ್ಯಾಪಿಕೆಗೆ ಬರೆದೆ.

ನಾನು ಆರಿಸಿಕೊಂಡ ವಿಷಯ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ. ಮಿಷನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಅಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ. ಆಮೇಲೆ ಊರೂರಿನ ಮಾಡುಗಳು ಕೆಂಪಾದುದು ಎಲ್ಲರೂ ಬಲ್ಲ ಕಥೆ. ನನ್ನ ಅಜ್ಜಿಯೂ ಪ್ರಾಯದಲ್ಲಿ ಮಂಗಳೂರಿನ ಇನ್ನೊಂದು ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವಳು. ಎಷ್ಟು ವರ್ಷ ಹೊತ್ತಳೆಂದು ಅವಳಿಗೆ ಲೆಕ್ಕವಿರಲಿಲ್ಲ. ಕಾರ್ಖಾನೆಯ ಕೂಗಿಗೆ ಏಳುವ ಅಭ್ಯಾಸ ಮಾತ್ರ ಕೊನೆಯ ತನಕ ಹೋಗಲಿಲ್ಲ.

ಪ್ರಾಧ್ಯಾಪಿಕೆಗೆ ಬರೆದ ಪತ್ರದಲ್ಲಿ ಅಜ್ಜಿಯ ಸುದ್ದಿ ಇರಲಿಲ್ಲ. 'ಕರಾವಳಿಯ ಕೈಗಾರಿಕೆಗೆ ಮಿಷನ್ನಿನ ಅಪಾರ ಕೊಡುಗೆ' ಎಂಬ ಧಾಟಿಯಲ್ಲಿ ಆರು ಪುಟ ಬರೆದಿದ್ದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಾದರೆ ಅದಕ್ಕೆ ಒಳ್ಳೆಯ ಅಂಕ ಬರುತ್ತಿತ್ತು. ಒಂಬತ್ತು ದಿನಕ್ಕೆ ಉತ್ತರ ಬಂದಿತು, ನಾಲ್ಕೇ ಸಾಲು. ಯಾವ ಯಾವ ಕಾಗದಪತ್ರ ನೋಡುವಿರಿ? ಅವುಗಳನ್ನು ಏನೆಂದು ಕೇಳುವಿರಿ? ಇದಿಷ್ಟನ್ನು ತಡೆದುಕೊಂಡೆ. ಮೂರನೆಯ ಪ್ರಶ್ನೆ ಮಾತ್ರ ನೆಟ್ಟಗೆ ಬಂದು ನಾಟಿತು: ಮಂಗಳೂರಿನ ಬಲ್ಮಠದಲ್ಲಿ ಇರುವುದನ್ನೆಲ್ಲ ಹೇಗೂ ನೋಡಿ ಮುಗಿಸಿದ್ದೀರಲ್ಲವೆ?

ನಾನು ನೋಡಿರಲಿಲ್ಲ. ನನ್ನ ಪಿಎಚ್.ಡಿ. ಭೂಹಿಡುವಳಿಯ ಮೇಲಿನದು ಎಂಬುದೊಂದು ನೆಪ. ನಮ್ಮ ಕಾಲೇಜಿನಿಂದ ಎರಡು ಬಸ್ಸು ಬದಲಿಸಿದರೆ ಬಲ್ಮಠ. ಅಲ್ಲಿಯ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ಪುಸ್ತಕಗಳೂ ಕಡತಗಳೂ ಇವೆಯೆಂದು ಜರ್ಮನಿಯಲ್ಲಿ ಕುಳಿತ ಹೆಂಗಸಿಗೆ ಗೊತ್ತು. ಅದರ ಮುಂದಿನ ರಸ್ತೆಯಲ್ಲಿ ನೂರು ಸಲ ಹಾದುಹೋದ ನನಗೆ ಗೊತ್ತಿಲ್ಲ!

ಮುಂದಿನ ಶನಿವಾರವೇ ಹೋದೆ. ಆಮೇಲೆ ಹಲವು ಶನಿವಾರ ಹೋದೆ. ಮಿಷನ್ನಿನವರು ವರ್ಷವರ್ಷವೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ವರದಿಗಳನ್ನು ಓದುತ್ತ ಬಂದೆ. ನಾನು ಓದಿದ ಪುಟಗಳಲ್ಲಿ ಕೆಲಸಗಾರರ ಲೆಕ್ಕವಿತ್ತು, ಅವರ ನಡತೆಯ ಮೇಲೆ ಪಾದ್ರಿಗಳ ಟೀಕೆಯಿತ್ತು. ಕೆಲಸಗಾರನೇ ಆಡಿದ ಒಂದು ಮಾತು ಇರಲಿಲ್ಲ. ಹಂಚು ಹೊತ್ತ ಹೆಂಗಸರ ಮಾತಂತೂ ದೂರವೇ ಉಳಿಯಿತು. ಒಂದು ಸಂಜೆ ಬಸ್ಸಿಗಾಗಿ ಕಾಯುತ್ತ ನಿಂತಾಗ ನನ್ನ ಪ್ರಶ್ನೆ ನನಗೆ ಹೊಳೆಯಿತು: ಅಚ್ಚಾದ ವರದಿ ಬಿಟ್ಟ ಮಾತುಗಳು ಪಾದ್ರಿಗಳು ಬಾಸೆಲಿಗೆ ಬರೆದ ಕೈಬರಹದ ಕಾಗದಗಳಲ್ಲಿ ಉಳಿದಿರಬಹುದೆ? ಆ ಕಾಗದಗಳು ಇರುವುದು ಬಾಸೆಲಿನ ಪತ್ರಾಗಾರದಲ್ಲಿ. 'ಅಲ್ಲಿಗೇ ಏಕೆ ಹೋಗಬೇಕು?' ಎಂಬುದಕ್ಕೆ ಉತ್ತರ ಸಿಕ್ಕಿದ್ದು ಹೀಗೆ, ಇಲ್ಲಿಯದನ್ನು ನೋಡಿದ ಮೇಲೆ.

ಐದು ಪುಟ ಬರೆಯಲು ನಾಲ್ಕು ತಿಂಗಳು ಹಿಡಿಯಿತು. 'ಅಪಾರ'ವನ್ನು ಅಳಿಸಿದೆ, 'ಕೊಡುಗೆ'ಯನ್ನು ಅಳಿಸಿದೆ. ಮೊದಲ ಆರು ತಿಂಗಳು ಯಾವ ವರ್ಷಗಳ ಕಾಗದ, ಆಮೇಲೆ ಯಾವುದು ಎಂದು ಬರೆದೆ. ಪ್ರಾಧ್ಯಾಪಿಕೆ ಮೂರು ಸಲ ತಿದ್ದಿ ಕಳುಹಿಸಿ, ಕೊನೆಗೆ ಒಪ್ಪಿಗೆಯ ಪತ್ರ ಕೊಟ್ಟರು. ಒಂದು ಕುಂಟು ಮಾತ್ರ ಉಳಿದೇ ಹೋಯಿತು. ಆಯ್ಕೆಯಾದವರಿಗೆ ಭಾಷೆ ಕಲಿಸುವ ಏರ್ಪಾಡು ಉಂಟು. ಆದರೆ ಕೆಲಸಕ್ಕೆ ಜರ್ಮನ್ ಅಗತ್ಯವಿರುವ ಚರಿತ್ರೆಯಂಥ ವಿಷಯದವನು ಅದನ್ನು ಮೊದಲೇ ಚೆನ್ನಾಗಿ ಬಲ್ಲವನಾಗಿರಬೇಕು. ನನ್ನ ಜರ್ಮನ್ ಅಂಗಡಿಯಲ್ಲಿ ರೊಟ್ಟಿ ಕೊಳ್ಳುವಷ್ಟರದು. ಆ ಹಳೆಯ ಕಾಗದಗಳಾದರೋ ಕುರೆಂಟ್ ಎಂಬ ಲಿಪಿಯವು. ಇಂದಿನ ಜರ್ಮನರಲ್ಲೇ ಅನೇಕರಿಗೆ ಅದನ್ನು ಓದಲು ಬಾರದು.

ಕೆಲವು ತಿಂಗಳ ಮೇಲೆ ಉತ್ತರ ಬಂದಿತು. ಆಯ್ಕೆಯಾಗಿರಲಿಲ್ಲ. ಆ ದಿನ ಎರಡನೆಯ ಪೀರಿಯಡ್ಡಿನಲ್ಲಿ ಪಾಠ ಮಾಡಿದೆ. ಏನು ಮಾಡಿದೆನೋ, ಕೇಳಿದವರಿಗೇ ಗೊತ್ತು. ದ್ರಾಕ್ಷಿ ಹುಳಿಯೆಂದು ನಾನು ಹೇಳಲಾರೆ. ಹೋಗಬೇಕೆಂಬ ಆಸೆ ಬಹಳ ಇತ್ತು. ನಾಲ್ಕು ವರ್ಷದ ಗಡುವು ಅಷ್ಟರಲ್ಲಿ ದಾಟಿತ್ತು. ಆ ಗಡುವಿನ ಬಾಗಿಲು ನನ್ನ ಪಾಲಿಗೆ ಮತ್ತೆ ತೆರೆಯುವುದಿಲ್ಲ.

ಆದರೂ ಶನಿವಾರದ ಬಸ್ಸು ತಪ್ಪಿಲ್ಲ. ಬಾಸೆಲಿನ ಪತ್ರಾಗಾರದವರು ಸಾವಿರಾರು ಹಳೆಯ ಚಿತ್ರಗಳನ್ನು ಅಂತರಜಾಲದಲ್ಲಿ ಯಾರೂ ನೋಡುವಂತೆ ಇಟ್ಟಿದ್ದಾರೆ. ಕಳೆದ ವರ್ಷ ಅಂತಿಮ ಬಿ.ಎ.ಯ ಮೂವರು ವಿದ್ಯಾರ್ಥಿಗಳೊಡನೆ ಅವುಗಳನ್ನು ನೋಡುತ್ತಿದ್ದಾಗ, ಅವರಲ್ಲೊಬ್ಬಳು, "ಸರ್, ಇವರಲ್ಲಿ ಯಾರ ಹೆಸರನ್ನಾದರೂ ಬರೆದಿಟ್ಟಿದ್ದಾರೆಯೆ?" ಎಂದು ಕೇಳಿದಳು. ನನ್ನ ಐದು ಪುಟಗಳಲ್ಲಿ ಆ ಪ್ರಶ್ನೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಈ ಸಂಚಿಕೆ ಓದುವವರಲ್ಲಿ ನಾಳೆ ಇಂಥ ಅರ್ಜಿ ಬರೆಯುವವರು ಇದ್ದೇ ಇರುತ್ತಾರೆ. ಅವರಿಗೆ ನನ್ನ ಎರಡು ಮಾತು: ಜರ್ಮನ್ ಆಗಲಿ ಫ್ರೆಂಚ್ ಆಗಲಿ, ಬೇಕಾದ ಭಾಷೆಯನ್ನು ಈಗಲೇ ಹಿಡಿಯಿರಿ, ಪದವಿ ಬಂದ ದಿನದಿಂದ ಗಡಿಯಾರ ಓಡತೊಡಗುತ್ತದೆ. ಆ ಐದು ಪುಟಗಳು ಇಲಾಖೆಯ ಕೋಣೆಯಲ್ಲಿ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿವೆ. ಮಾದರಿಗೆ ಬೇಕಾದವರು ಬಂದು ಕೇಳಬಹುದು. ಕೇಳುವ ಮೊದಲು ಒಂದು ಸಲ ಬಲ್ಮಠಕ್ಕೆ, ಇಲ್ಲವೆ ನಿಮ್ಮ ವಿಷಯದ ಬಲ್ಮಠ ಯಾವುದೋ ಅಲ್ಲಿಗೆ, ಹೋಗಿ ಬನ್ನಿರಿ.